ಸುಮಂಗಲಾ ಬದುಕಿಸಿಕೊಂಡ ವೈರಿ

ಆಳಂದದ ಆ ಟ್ರಸ್ಟ್ ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ಸುಮಂಗಲಾ ಸಿಸ್ಟರ್ ಅಂದರೆ ರೋಗಿಗಳಿಗಿಂತ ಅವರ ಕಡೆಯವರಿಗೆ ಹೆಚ್ಚು ಅಂಜಿಕೆ. ಮುರಿದ ಕಾಲು ಅಲುಗಾಡಬಾರದೆಂದು ಯಾರಾದರೂ ಎರಡೂ ಬದಿಗೆ ದಿಂಬು ಒತ್ತಿಟ್ಟು, ಪುಣ್ಯದ ಕೆಲಸ ಮಾಡಿದವರಂತೆ ಕೂತಿದ್ದರೆ ಮುಗಿಯಿತು. ಆಕೆ ಬಂದವಳೇ ದಿಂಬು ಕಿತ್ತು ಖುರ್ಚಿಯ ಮೇಲೆ ಒಗೆಯುತ್ತಿದ್ದಳು.

"ತೊಡಿ ಮುರದದ, ಪಾದ ಮುರದಿಲ್ಲಲ್ಲ? ಪಾದ ಮ್ಯಾಲ ಕೆಳಗ ಮಾಡಸ್ರಿ. ತಾಸಿಗೊಮ್ಮೆ ಇಪ್ಪತ್ತು ಸಲ. ನಾ ಬಂದು ಕೇಳ್ತೇನಿ."

ಕೇಳಿಯೇ ಕೇಳುತ್ತಿದ್ದಳು. ಮುಂಜಾನೆ ಡ್ಯೂಟಿಗೆ ಬಂದ ಕೂಡಲೇ ಆಕೆಯ ಮೊದಲ ಕೆಲಸ ದರ್ಜಿಯ ಟೇಪು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಎರಡೂ ಕಾಲಿನ ಮೀನಖಂಡ ಅಳೆಯುವುದು. ನಿನ್ನೆಗಿಂತ ದಪ್ಪ ಆಗಿದೆಯೋ, ಬಿಸಿ ಇದೆಯೋ, ಒತ್ತಿದರೆ ನೋಯುತ್ತದೋ ನೋಡಿ ಬರೆಯುವುದು. ಆಮೇಲೆ ಹೊಟ್ಟೆಯ ಚರ್ಮಕ್ಕೆ ಒಂದು ಸಣ್ಣ ಸೂಜಿ. ಆ ಸೂಜಿ ಯಾರಿಗೂ ಸೇರುತ್ತಿರಲಿಲ್ಲ. ಉರಿಯುತ್ತದೆ, ಚುಚ್ಚಿದ ಜಾಗ ನೀಲಿಗಟ್ಟುತ್ತದೆ. "ಕಾಲು ಮುರದ್ರ ಹೊಟ್ಟಿಗ್ಯಾಕ ಸೂಜಿ?" ಎಂದು ಕೇಳದ ರೋಗಿ ಇರಲಿಲ್ಲ.

"ಹರಿಯೋ ಹಳ್ಳಕ್ಕ ಪಾಚಿ ಕಟ್ಟಂಗಿಲ್ಲ, ನಿಂತ ನೀರಿಗಿ ಕಟ್ತದ," ಎನ್ನುತ್ತಿದ್ದಳು ಸುಮಂಗಲಾ. "ದೊಡ್ಡ ಎಲುಬು ಮುರದು ಮಲಗಿದ್ರ ಕಾಲಾಗಿನ ರಕ್ತ ನಿಂತು ಗಡ್ಡಿ ಕಟ್ತದ. ಆ ಗಡ್ಡಿ ಕಾಲಾಗೇ ಇದ್ರ ಬಾವು. ಕಿತ್ಕೊಂಡು ಮ್ಯಾಲ ಹೋಗಿ ಉಸಿರಾಡೋ ಪುಪ್ಪಸದಾಗ ಸಿಕ್ಕೊಂಡ್ರ ಹತ್ತು ಮಿನಿಟಿನಾಗ ಮನುಷ್ಯಾ ಇರಂಗಿಲ್ಲ. ಈಗ ಹೇಳ್ರಿ, ಸೂಜಿ ಬೇಕೋ ಬ್ಯಾಡೋ?"

ಆಕೆ ಇದನ್ನು ಕಾಲೇಜಿನಲ್ಲಿ ಕಲಿತಿದ್ದಳು, ನಿಜ. ಆದರೆ ಅದಕ್ಕೂ ಮೊದಲು ಆ ಹತ್ತು ನಿಮಿಷವನ್ನು ಕಣ್ಣಾರೆ ಕಂಡಿದ್ದಳು.

ಸುಮಂಗಲಾ ಜೇವರ್ಗಿ ಕಡೆಯ ಇಜೇರಿಯವಳು. ಅಪ್ಪ ಆಕೆ ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅಣ್ಣ ಬೀರಲಿಂಗಪ್ಪ ಗೌಂಡಿ. ಇಜೇರಿಯಲ್ಲಿ ನೆಟ್ಟಗೆ ನಿಂತ ಗೋಡೆ ಕಂಡರೆ "ಇದು ಬೀರಪ್ಪಂದು" ಅನ್ನುವಷ್ಟು ಕೈ ಚೊಕ್ಕ. ತಂಗಿಯನ್ನು ಕಲಬುರಗಿಗೆ ನರ್ಸಿಂಗ್ ಕಲಿಯಲು ಕಳಿಸಿದವನು ಅವನೇ. "ಹೆಣ್ಣುಮಗಳನ್ನ ಒಬ್ಬಾಕಿನ್ನೇ ಪಟ್ಟಣಕ್ಕ ಬಿಡ್ತಿಯೇನೋ?" ಎಂದು ಓಣಿಯವರು ಕೇಳಿದಾಗ, "ಆಕಿ ಸೂಜಿ ಚುಚ್ಚಾಕ ಹೊಂಟಾಳ, ಚುಚ್ಚಿಸ್ಕೊಳ್ಳಾಕಲ್ಲ," ಎಂದು ನಕ್ಕಿದ್ದ.

ಎರಡು ಸಾವಿರದ ಹದಿನೈದರ ಡಿಸೆಂಬರಿನಲ್ಲಿ ಒಂದು ಮುಂಜಾನೆ ಬೀರಲಿಂಗಪ್ಪ ಕೆಲಸಕ್ಕೆಂದು ಬೈಕಿನಲ್ಲಿ ಜೇವರ್ಗಿಗೆ ಹೊರಟಿದ್ದ. ಎದುರಿನಿಂದ ಬಂದ ಜೀಪೊಂದು ಮುಂದಿನ ಲಾರಿಯನ್ನು ದಾಟಲು ಹೋಗಿ ಸೀದಾ ಅವನ ಕಡೆಗೇ ನುಗ್ಗಿತು. ಜೀಪು ನಡೆಸುತ್ತಿದ್ದವನು ಆಳಂದದ ತೊಗರಿ ವ್ಯಾಪಾರಿ ಅನೀಲಕುಮಾರ. ಬೀರಲಿಂಗಪ್ಪನ ಎಡತೊಡೆಯ ಎಲುಬು ಎರಡು ತುಂಡಾಯಿತು. ತಲೆಗೆ ಏನೂ ಆಗಿರಲಿಲ್ಲ, ಎದೆಗೆ ಏನೂ ಆಗಿರಲಿಲ್ಲ. "ಎಲುಬು ತಾನ, ಕೂಡ್ತದ ಬಿಡು," ಎಂದು ಅವನೇ ಅವ್ವನಿಗೆ ಸಮಾಧಾನ ಹೇಳಿದ.

ಸೇರಿಸಿದ್ದು ಒಂದು ಖಾಸಗಿ ನರ್ಸಿಂಗ್ ಹೋಮಿಗೆ. ಎಲುಬಿನ ಡಾಕ್ಟರು ವಾರಕ್ಕೊಮ್ಮೆ ಬರುವವರು. ಆಪರೇಷನ್ ಮುಂದಕ್ಕೆ ಹೋಗುತ್ತ ಹೋಯಿತು. ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಆಗ ಸುಮಂಗಲಾಗೆ ಇಪ್ಪತ್ತು ವರ್ಷ, ನರ್ಸಿಂಗ್ ಎರಡನೇ ವರ್ಷ. ರಜೆ ಹಾಕಿ ಅಣ್ಣನ ಹತ್ತಿರ ಕೂತಿದ್ದಳು. ಏಳನೇ ದಿನ ಅಣ್ಣನ ಮೀನಖಂಡ ಬಾತಿದ್ದು ಆಕೆಗೆ ಕಂಡಿತು. ಮುಟ್ಟಿದರೆ ಬಿಸಿ. ಅಲ್ಲಿಯ ಸಿಸ್ಟರಿಗೆ ಹೇಳಿದಳು. "ಮಲಗಿದಲ್ಲೇ ಮಲಗಿದ್ರ ಬಾಯ್ತದವಾ," ಅಂದರು ಆಕೆ. ಸುಮಂಗಲಾ ಇನ್ನೊಮ್ಮೆ ಹೇಳಲಿಲ್ಲ. ಕಲಿಯುವ ಹುಡುಗಿ, ದೊಡ್ಡವರಿಗೆ ಎದುರು ಹೇಗೆ ಮಾತಾಡುವುದು ಎಂದು ಬಾಯಿ ಮುಚ್ಚಿಕೊಂಡಳು. ಎಂಟನೇ ದಿನ ಮುಂಜಾನೆ ಬೀರಲಿಂಗಪ್ಪ ಚಹಾ ಕುಡಿಯಲು ಮೊಳಕೈ ಊರಿ ಸ್ವಲ್ಪ ಎದ್ದ. "ಎದಿ ಬಿಗದು ಹಿಡದಂಗ ಆಗಾಕತ್ತದ ಸುಮಿ," ಅಂದ. ಉಸಿರು ಎಳೆದ, ಇನ್ನೊಂದು ಎಳೆದ. ಮೈಯೆಲ್ಲ ಬೆವರು, ತುಟಿ ನೀಲಿ. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಪೋಸ್ಟ್‌ಮಾರ್ಟಂ ರಿಪೋರ್ಟಿನಲ್ಲಿ ಪುಪ್ಪಸದ ರಕ್ತನಾಳದಲ್ಲಿ ಗಡ್ಡೆ ಇತ್ತೆಂದು ಒಂದೇ ಸಾಲು ಬರೆದಿದ್ದರು. ಆ ಒಂದು ಸಾಲೇ ಮುಂದೆ ಅನೀಲಕುಮಾರನನ್ನು ಕಾಯಿತು. ನಾಲ್ಕು ವರ್ಷ ನಡೆದ ಕೇಸಿನಲ್ಲಿ ಅವನ ವಕೀಲ ಹೇಳಿದ್ದು ಇಷ್ಟು: ಜೀಪಿನಿಂದ ಕಾಲು ಮುರಿದದ್ದು ಹೌದು, ಆದರೆ ಮನುಷ್ಯ ಸತ್ತದ್ದು ಎಂಟು ದಿನದ ಮೇಲೆ, ಆಸ್ಪತ್ರೆಯಲ್ಲಿ, ಎದೆಯ ಬೇನೆಯಿಂದ. ಕಾಲಿಗೂ ಎದೆಗೂ ಏನು ಸಂಬಂಧ? ಸಂಬಂಧ ಇದೆ ಎಂದು ಬಿಡಿಸಿ ಹೇಳಲು ಸರಕಾರದ ಕಡೆಯಿಂದ ಒಬ್ಬ ಡಾಕ್ಟರನ್ನೂ ಕರೆಸಲಿಲ್ಲ. ಸಾವಿನ ಆರೋಪ ಬಿದ್ದುಹೋಯಿತು. ಜೋರಾಗಿ ಗಾಡಿ ಓಡಿಸಿ ಪೆಟ್ಟು ಮಾಡಿದ್ದಕ್ಕೆ ದಂಡ ಕಟ್ಟಿಸಿಕೊಂಡು ಬಿಟ್ಟರು.

ಅವತ್ತು ಕೋರ್ಟಿನ ಹೊರಗೆ ಅನೀಲಕುಮಾರ ಗೆಳೆಯರ ಜೊತೆ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದ. ಸುಮಂಗಲಾಳ ಅವ್ವ ಕಂಬಕ್ಕೆ ಆತು ಕೂತಿದ್ದಳು. ಅವನು ಅವಳ ಹತ್ತಿರ ಬಂದ. ಬೈಯಲಿಲ್ಲ, ಅಣಕಿಸಲೂ ಇಲ್ಲ. ಕನಿಕರ ತೋರಿಸುವವನ ಹಾಗೆ ಹೇಳಿದ:

"ಯವ್ವಾ, ನಿಮ್ಮ ಹುಡುಗನ ಎದಿ ಮೊದಲಿಂದನೇ ಕಚ್ಚಾ ಇತ್ತು. ಗಾಡಿದೇನು ತಪ್ಪು?"

ಇಪ್ಪತ್ತು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ದಿನಪೂರ್ತಿ ನಿಂತು ಕಲ್ಲು ಏರಿಸುತ್ತಿದ್ದವನ ಎದೆ ಕಚ್ಚಾ ಅಂತೆ.  ಸುಮಂಗಲಾ ಅವನ ಮುಖ ನೋಡಿದಳು. ಹಣೆಯ ಬಲಗಡೆ ಒಂದು ಹಳೆಯ ಗಾಯದ ಕಲೆ, ಬಾಯಲ್ಲಿ ಭಜಿಯ ಎಣ್ಣೆ. ಆ ಮುಖ ಆಕೆಯ ಕಣ್ಣಲ್ಲಿ ನಿಂತುಬಿಟ್ಟಿತು. ಆಮೇಲೆ ಅವ್ವನ ಹೆಸರಿನಲ್ಲಿ ಮೇಲಿನ ಕೋರ್ಟಿಗೆ ಅರ್ಜಿ ಹಾಕಿಸಿದಳು. ಕೊರೊನಾ ಬಂತು, ಕೋರ್ಟು ಮುಚ್ಚಿತು, ಅರ್ಜಿ ಇದ್ದಲ್ಲೇ ಉಳಿಯಿತು. ಆ ಹೊತ್ತಿಗೆ ಆಕೆ ನರ್ಸ್ ಆಗಿ, ಆಳಂದದಲ್ಲೇ ಕೆಲಸ ಹಿಡಿದಿದ್ದಳು. "ಬ್ಯಾರೆ ಊರು ಇರಲಿಲ್ಲೇನ?" ಎಂದು ಅವ್ವ ಕೇಳಿದರೆ, "ಅಂವ ಎಲ್ಲಿರ್ತಾನ ಅಲ್ಲೇ ನಾನೂ ಇರ್ತೇನಿ," ಅಂದಳು. ಅಲ್ಲಿದ್ದು ಏನು ಮಾಡುತ್ತೇನೆಂಬುದು ಆಕೆಗೂ ಗೊತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಜನವರಿ, ಕಬ್ಬಿನ ಹಂಗಾಮು. ಅಫಜಲಪುರ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಗೊಬ್ಬೂರದ ಹತ್ತಿರ, ಹಿಂದೆ ದೀಪವಿಲ್ಲದೆ ನಿಂತಿದ್ದ ಒಂದು ಟ್ರೇಲರಿಗೆ ಅನೀಲಕುಮಾರನ ಜೀಪು ಹೋಗಿ ಬಡಿಯಿತು. ಮೊದಲು ಅಫಜಲಪುರಕ್ಕೆ, ಅಲ್ಲಿಂದ ಸ್ವಂತ ಊರಿಗೆ ಹತ್ತಿರವೆಂದು ಆಳಂದಕ್ಕೆ ತಂದರು. ಎಡತೊಡೆಯ ಎಲುಬು ಮುರಿದಿತ್ತು, ಮೂರು ಪಕ್ಕೆಲುಬೂ ಹೋಗಿದ್ದವು. ಎಲುಬಿನ ಸರ್ಜನ್ ಡಾಕ್ಟರ್ ನೂರೀನ ಮರುದಿನವೇ ಆಪರೇಷನ್ ಮಾಡಿ ತೊಡೆಯೊಳಗೆ ರಾಡು ಹಾಕಿದರು.

ಸುಮಂಗಲಾ ವಾರ್ಡಿಗೆ ಬಂದಾಗ ಒಂಬತ್ತನೇ ಹಾಸಿಗೆಯಲ್ಲಿ ಹೊಸ ರೋಗಿ ಇದ್ದ. ಕೇಸ್ ಪೇಪರು ಎತ್ತಿಕೊಂಡು ಹೆಸರು ಓದಿದಳು. ತಲೆ ಎತ್ತಿ ಹಣೆಯ ಬಲಗಡೆ ನೋಡಿದಳು. ಕಲೆ ಇತ್ತು. ಬಾಯಿಗೆ ಮಾಸ್ಕು ಕಟ್ಟಿದ್ದ ಆಕೆ ಅವನಿಗೆ ಯಾರೋ ಒಬ್ಬ ಸಿಸ್ಟರ್ ಆಗಿದ್ದಳು. ಅವನ ಹೆಂಡತಿ ಶೈಲಶ್ರೀ ಪಕ್ಕದಲ್ಲಿ ನಿಂತು, "ಸಿಸ್ಟರ್, ಇವರಿಗಿ ಭಾಳ ನೋಯಾಕತ್ತದ, ಸ್ವಲ್ಪ ನೋಡ್ರಿ," ಅಂದಳು. ಸುಮಂಗಲಾ ನೋಡಿದಳು. ನೋವಿನ ಔಷಧ ಕೊಟ್ಟಳು. ಹೊಟ್ಟೆಯ ಸೂಜಿ ಸಿದ್ಧ ಮಾಡಿಕೊಂಡು ಬಂದಳು.

"ಅದ ಬ್ಯಾಡ್ರಿ," ಅಂದ ಅನೀಲಕುಮಾರ. "ನಿನ್ನಿ ಒಂದು ಚುಚ್ಚಿದ್ರು, ಇಡೀ ಹೊಟ್ಟಿ ಉರದದ. ನೋಡ್ರಿ, ಹೆಂಗ ನೀಲಿ ಆಗ್ಯದ. ಕಾಲು ಮುರದಾಂವಗ ಹೊಟ್ಟಿಗ್ಯಾಕ?"

ಬೇರೆ ಯಾರೇ ಆಗಿದ್ದರೆ ಹಳ್ಳ, ಪಾಚಿ, ಗಡ್ಡೆ, ಎಲ್ಲ ಹೇಳಿ, ಒಪ್ಪದಿದ್ದರೆ ಹೆಂಡತಿಯನ್ನು ಕರೆದು ಅಳಿಸಿ, ಅದಕ್ಕೂ ಬಗ್ಗದಿದ್ದರೆ ಡಾಕ್ಟರನ್ನು ಎಳೆತಂದು ಸೂಜಿ ಹಾಕಿಯೇ ಹಾಕುತ್ತಿದ್ದಳು. ಅವತ್ತು ಆಕೆಯ ಬಾಯಿಂದ ಬಂದದ್ದು ಬಹಳ ಮರ್ಯಾದೆಯ ಮಾತು.

"ಬ್ಯಾಡಂದ್ರ ಬ್ಯಾಡ್ರಿ. ಇಲ್ಲೊಂದು ಸಹಿ ಮಾಡ್ರಿ."

ಅವನು ಸಹಿ ಮಾಡಿದ. ಆಕೆ ಹಾಳೆಯಲ್ಲಿ "ರೋಗಿ ಒಪ್ಪಲಿಲ್ಲ" ಎಂದು ಬರೆದಳು.  ತಾನು ಏನೂ ಮಾಡಿಲ್ಲ. ವಿಷ ಕೊಟ್ಟಿಲ್ಲ, ಔಷಧ ಅದಲುಬದಲು ಮಾಡಿಲ್ಲ. ಬೇಡ ಅಂದ, ಹೂಂ ಅಂದೆ. ಅವನೇ ತನ್ನ ಕೈಯಾರೆ ಸಹಿ ಹಾಕಿ ತೆಗೆದುಕೊಂಡ ಸಾವು. ನಾಳೆ ಏನಾದರೂ ಆದರೆ ಯಾರಾದರೊಬ್ಬರು ಶೈಲಶ್ರೀಗೆ ಹೇಳುತ್ತಾರೆ, ಎದೆ ಮೊದಲಿಂದಲೇ ಕಚ್ಚಾ ಇತ್ತು ಎಂದು. ಆ ಯಾರಾದರೊಬ್ಬರು ತಾನೇ ಯಾಕಾಗಬಾರದು? ಆ ಮಾತನ್ನು ಹೇಳುವ ಗಳಿಗೆಯನ್ನು ಆಕೆ ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದಳು. ಪ್ರತಿ ಸಲವೂ ರುಚಿಯಾಗಿತ್ತು.

ಮರುದಿನವೂ ಹಾಗೇ. "ಬ್ಯಾಡಂದ್ರ ಬ್ಯಾಡ್ರಿ." ಇನ್ನೊಂದು ಸಹಿ. ಪಾದ ಅಲ್ಲಾಡಿಸಿರಿ ಅನ್ನಲಿಲ್ಲ. ಟೇಪು ಎಂಟನೇ ಹಾಸಿಗೆಯಿಂದ ಹತ್ತನೆಯದಕ್ಕೆ ಹೋಯಿತು. ಶೈಲಶ್ರೀ ಗಂಡನ ಕಾಲಿನ ಎರಡೂ ಬದಿಗೆ ದಿಂಬು ಒತ್ತಿಟ್ಟಿದ್ದಳು. ಸುಮಂಗಲಾ ಅದನ್ನು ಮುಟ್ಟಲಿಲ್ಲ. "ಈ ಸಿಸ್ಟರ್ ಛಲೋ ಇದ್ದಾರ, ಒತ್ತಾಯ ಮಾಡಂಗಿಲ್ಲ," ಎಂದು ಶೈಲಶ್ರೀ ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದದ್ದು ಆಕೆಯ ಕಿವಿಗೆ ಬಿತ್ತು.

ಮೂರನೇ ದಿನ ಮುಂಜಾನೆ ಅನೀಲಕುಮಾರ ತಾನೇ ಕರೆದ.

"ಸಿಸ್ಟರ್, ಪಿಂಡ್ರಿ ಜಗ್ಗಿ ಹಿಡದಂಗ ಆಗ್ಯದ್ರಿ."

ಆಕೆ ಹೊದಿಕೆ ಸರಿಸಿ ಮೀನಖಂಡ ನೋಡಿದಳು. ಅಳೆಯುವ ಮೊದಲೇ ಕಣ್ಣಿಗೆ ಗೊತ್ತಾಯಿತು. ಆದರೂ ಟೇಪು ಸುತ್ತಿದಳು. ಬಲಗಾಲು ಮೂವತ್ತೈದು, ಎಡಗಾಲು ಮೂವತ್ತೊಂಬತ್ತೂವರೆ. ಚರ್ಮ ಬಿಗಿದು ಹೊಳೆಯುತ್ತಿತ್ತು. ಅಂಗೈ ಇಟ್ಟರೆ ಬಿಸಿ. ಅದೇ ಬಿಸಿ ಆಕೆಯ ಕೈಗೆ ಆರು ವರ್ಷದ ಹಿಂದೆ ಒಮ್ಮೆ ತಾಗಿತ್ತು.

"ಏನಾಗ್ಯದ್ರಿ?" ಎಂದು ಅವನು ಕೇಳಿದ.

"ನೋಡ್ತೇನಿ," ಎಂದು ಆಕೆ ಹೊರಗೆ ವರಾಂಡಕ್ಕೆ ಬಂದಳು.

ವರಾಂಡದಲ್ಲಿ ರೋಗಿಗಳ ಕಡೆಯವರು ರೊಟ್ಟಿಗಂಟು ಬಿಚ್ಚಿ ಕೂತಿದ್ದರು. ಸುಮಂಗಲಾ ಕಟ್ಟೆ ಹಿಡಿದು ನಿಂತಳು. ಆಕೆ ಬೇಡಿಕೊಂಡದ್ದು ಬಂದು ಬಾಗಿಲಲ್ಲಿ ನಿಂತಿತ್ತು. ಇವತ್ತು ಇಲ್ಲವೆ ನಾಳೆ. ಚಹಾ ಕುಡಿಯಲು ಮೊಳಕೈ ಊರಿ ಎದ್ದರೆ ಸಾಕು. ಸಂತೋಷ ಆಗಬೇಕಿತ್ತು, ಆಯಿತು ಕೂಡ. 

ಆಗ ಆಕೆಗೆ ಹಿಂದಿನ ತಿಂಗಳು ವಕೀಲರು ಫೋನಿನಲ್ಲಿ ಅಂದ ಮಾತು ನೆನಪಿಗೆ ಬಂತು. ಮೇಲಿನ ಕೋರ್ಟಿನ ಅರ್ಜಿ ಮತ್ತೆ ವಿಚಾರಣೆಗೆ ಬರುತ್ತಿದೆ ಎಂದು ಹೇಳಿ ಅವರು ಕೊನೆಗೆ ನಕ್ಕಿದ್ದರು: "ಆರೋಪಿ ಜೀವಂತ ಇರೋತನಕ ಅಷ್ಟೇ ನಮ್ಮ ಅರ್ಜಿಗಿ ಜೀವ ತಂಗಿ. ಅಂವ ಸತ್ತ ಅಂದ್ರ ಕೇಸೂ ಸತ್ತಂಗ. ಅದಕ್ಕ ಅವನ ಆಯುಷ್ಯ ಗಟ್ಟಿ ಇರಲಿ ಅಂತ ಬೇಡ್ಕೋ."

 ಇವನು ಈಗ ಸತ್ತರೆ ನಿರಪರಾಧಿಯಾಗಿ ಸಾಯುತ್ತಾನೆ. ಊರು ಸೇರಿ ಹೂ ಹಾಕಿ ಕಳಿಸುತ್ತದೆ. ಜೀಪು ಹಾಯಿಸಿ ಕೊಂದದ್ದಕ್ಕೆ ಕಾಗದದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಬೀರಲಿಂಗಪ್ಪ ಮಾತ್ರ ಸರಕಾರದ ದಫ್ತರದಲ್ಲಿ ಕಚ್ಚಾ ಎದೆಯವನಾಗಿಯೇ ಉಳಿಯುತ್ತಾನೆ, ಎಂದೆಂದಿಗೂ. ಹತ್ತು ನಿಮಿಷದಲ್ಲಿ, ಏನೂ ತಿಳಿಯದೆ, ಹೆಂಡತಿಯ ಕೈ ಹಿಡಿದುಕೊಂಡು ಹೋಗಿಬಿಡುತ್ತಾನೆ ಇವನು. ಇಷ್ಟು ಸೋವಿಗೆ ಬಿಡುವುದೆ?

ಆಕೆ ಓಡಿದಳು. ಓಡಿದ್ದು ಕನಿಕರದಿಂದಲ್ಲ. ಇದನ್ನು ಆಕೆ ಆಮೇಲೆ ಯಾರು ಕೇಳಿದರೂ ಮುಚ್ಚಿಡದೆ ಹೇಳಿದಳು. ಹೊರರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ನೂರೀನಗೆ, "ಮೇಡಂ, ಒಂಬತ್ತನೇ ಹಾಸಿಗಿ, ಎಡಗಾಲು ನಾಲ್ಕೂವರೆ ಸೆಂಟಿಮೀಟರ್ ಬಾತದ, ಗಡ್ಡಿ ಅದ," ಎಂದು ಒಂದೇ ಉಸಿರಿನಲ್ಲಿ ಹೇಳಿ ಬಂದ ದಾರಿಯಲ್ಲೇ ತಿರುಗಿದಳು.

ವಾರ್ಡಿನಲ್ಲಿ ಶೈಲಶ್ರೀ ಬಟ್ಟಲಲ್ಲಿ ಬಿಸಿ ಎಣ್ಣೆ ಇಟ್ಟುಕೊಂಡು ಗಂಡನ ಮೀನಖಂಡ ತಿಕ್ಕಲು ಕೈ ಚಾಚಿದ್ದಳು. ಸುಮಂಗಲಾ ಆಕೆಯ ಮಣಿಕಟ್ಟು ಹಿಡಿದಳು. ಬಟ್ಟಲು ಉರುಳಿ ಎಣ್ಣೆ ನೆಲಕ್ಕೆ ಚೆಲ್ಲಿತು.

"ಕೈ ತಗೀರಿ. ಇದನ್ನ ತಿಕ್ಕಿದ್ರ ನಿಮ್ಮ ಕೈಯಿಂದನೇ ನಿಮ್ಮ ಗಂಡಗ ಕೊಂದಂಗ ಆಗ್ತದ."

 ಅಷ್ಟರಲ್ಲಿ ನೂರೀನ ಸ್ಕ್ಯಾನಿನ ಯಂತ್ರ ತಳ್ಳಿಸಿಕೊಂಡು ಬಂದರು. ಕಾಲಿನ ಮೇಲೆ ಹಿಡಿದು ನೋಡಿದರು. ಮೊಣಕಾಲಿನ ಹಿಂದಿನಿಂದ ತೊಡೆಯ ಅರ್ಧದವರೆಗೆ ರಕ್ತನಾಳದಲ್ಲಿ ಗಡ್ಡೆ ಕೂತಿತ್ತು. ಇನ್ನೂ ಮೇಲಕ್ಕೆ ಹೋಗಿರಲಿಲ್ಲ. "ಇವತ್ತಿನಿಂದ ಸೂಜಿ ದಿನಕ್ಕೆ ಎರಡು ಸಲ, ದೊಡ್ಡ ಪ್ರಮಾಣ. ಹಾಸಿಗೆಯಿಂದ ಸದ್ಯಕ್ಕೆ ಏಳಬಾರದು," ಎಂದು ಬರೆದು, ಔಷಧದ ಕೋಣೆಗೆ ಫೋನು ಮಾಡಲು ಹೋದರು.

ಸೂಜಿ ಹಿಡಿದು ಸುಮಂಗಲಾ ಹಾಸಿಗೆಯ ಪಕ್ಕಕ್ಕೆ ಬಂದಳು. ಅನೀಲಕುಮಾರ ಈಗ ತಾನೇ ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿದ. ಆಕೆ ಚುಚ್ಚಿದಳು, ಹತ್ತಿ ಒತ್ತಿ ಹಿಡಿದಳು. ಆಮೇಲೆ ಮಾಸ್ಕು ಕೆಳಗೆ ಎಳೆದಳು.

"ಜೇವರ್ಗಿ ರಸ್ತಾ ನೆನಪದ ಏನ್ರಿ? ಗೌಂಡಿ ಬೀರಲಿಂಗಪ್ಪ?"

ಅವನು ಆಕೆಯ ಮುಖ ದಿಟ್ಟಿಸಿದ.

"ನಾ ಅವನ ತಂಗಿ. ಅವನಿಗೂ ಎಡತೊಡಿನೇ ಮುರದಿತ್ತು. ಅವನ ಪಿಂಡ್ರಿನೂ ಹಿಂಗೇ ಬಾತಿತ್ತು. ನಿಮ್ಮ ಕಾಲಾಗ ಈಗ ಏನು ಕುಂತದಲ್ಲ, ಅದೇ ಅವನ ಪುಪ್ಪಸಕ್ಕ ಹೋಗಿತ್ತು. ನನ್ನ ತೊಡಿ ಮ್ಯಾಲ ತಲಿ ಇಟ್ಟು ಸತ್ತ. ನೀವು ನಮ್ಮವ್ವಗ ಏನಂದಿದ್ರಿ, ನೆನಪ ಮಾಡ್ಕೋರಿ."

ಅವನು ಹೊಟ್ಟೆಯ ಮೇಲಿನ ಹತ್ತಿಯನ್ನೂ, ಆಕೆಯ ಕೈಯಲ್ಲಿದ್ದ ಖಾಲಿ ಸಿರಿಂಜನ್ನೂ ನೋಡಿದ.

"ಈಗ ಏನ ಚುಚ್ಚಿದಿ ನನಗ?"

"ಔಷಧಾನೇ. ಕೊಲ್ಲೂದಿದ್ರ ಎರಡು ದಿನದಿಂದ ಕೊಲ್ಲಾಕತ್ತಿದ್ದೆ. ನಾ ಸುಮ್ಮನಿದ್ರ ಸಾಕಿತ್ತು." ಆಕೆ ದನಿ ಏರಿಸಲಿಲ್ಲ. "ನೀವು ಸಾಯಬಾರದು. ನಿಮ್ಮ ಕಾಲು ಛಲೋ ಆಗಬೇಕು. ನಿಮ್ಮ ಕಾಲಿಂದನೇ ನೀವು ಕೋರ್ಟಿನ ಮೆಟ್ಟಿಲ ಹತ್ತಬೇಕು."

ಅದೇ ದಿನ ಮಧ್ಯಾಹ್ನ ನೂರೀನ ಆಕೆಯನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಒಂಬತ್ತನೇ ಹಾಸಿಗೆಯ ಹಾಳೆ ಇತ್ತು.

"ಎರಡು ದಿನ ಒಪ್ಪಲಿಲ್ಲ ಅಂತ ಬರದಿ. ನನಗ್ಯಾಕ ಹೇಳಲಿಲ್ಲ? ಈ ವಾರ್ಡಿನಾಗ ಸೂಜಿ ಬ್ಯಾಡ ಅಂದವರಿಗಿ ನೀ ಹೆಂಗ ಹಾಕ್ತಿ ಅಂತ ನನಗ ಗೊತ್ತಿಲ್ಲೇನು?"

ಸುಮಂಗಲಾ ಎಲ್ಲ ಹೇಳಿದಳು. ರಸ್ತೆ, ನರ್ಸಿಂಗ್ ಹೋಮು, ಕೋರ್ಟು, ಭಜಿ, ಯಾವುದನ್ನೂ ಬಿಡಲಿಲ್ಲ. ವರಾಂಡದಿಂದ ಯಾಕೆ ಓಡಿ ಬಂದೆ ಎಂಬುದನ್ನೂ ಹೇಳಿದಳು. ನೂರೀನ ಪೆನ್ನು ಮುಚ್ಚಿ ಹಾಳೆಯ ಮೇಲಿಟ್ಟರು.

"ನಿಮ್ಮಣ್ಣನ ಕಾಲು ಬಾತದ ಅಂತ ಹೇಳಿದಾಗ ಆ ಸಿಸ್ಟರ್ ಏನು ಮಾಡಿದ್ರೋ, ಅದನ್ನೇ ನೀ ಮಾಡಿದಿ. ಆಕಿಗರೆ ಗೊತ್ತಿರಲಿಲ್ಲ. ನೀ ಗೊತ್ತಿದ್ದು ಮಾಡಿದಿ."

ಸುಮಂಗಲಾಗೆ ಹೊಡೆದಂತಾಯಿತು. ಅನೀಲಕುಮಾರನ ಬಗ್ಗೆ ಆಕೆಗೆ ಯಾವ ಪಶ್ಚಾತ್ತಾಪವೂ ಬರಲಿಲ್ಲ. ಆದರೆ ಆ ನರ್ಸಿಂಗ್ ಹೋಮಿನ ಸಿಸ್ಟರ್ ಪಕ್ಕ ತನ್ನನ್ನು ನಿಲ್ಲಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ನೂರೀನ ಮೆಮೋ ಬರೆದು ಫೈಲಿಗೆ ಹಾಕಿದರು. ಒಂಬತ್ತನೇ ಹಾಸಿಗೆಯ ಹತ್ತಿರ ಆಕೆ ಹೋಗಕೂಡದು ಎಂದರು. ಸುಮಂಗಲಾ ಸಹಿ ಮಾಡಿ ಹೊರಗೆ ಬಂದಳು.

ಹಾಸಿಗೆ ಹತ್ತಿರ ಹೋಗದಿದ್ದರೂ ವಾರ್ಡು ಒಂದೇ. ಅನೀಲಕುಮಾರ ಬೇರೆ ಆಸ್ಪತ್ರೆಗೆ ಹೋಗುತ್ತೇನೆ ಅಂದ. ಗಡ್ಡೆ ಗಟ್ಟಿಯಾಗಿ ಕೂರುವವರೆಗೆ ಎಲ್ಲಿಗೂ ಸಾಗಿಸುವಂತಿಲ್ಲ ಎಂದು ನೂರೀನ ಹೇಳಿದರು. ಮಲಗಿದಲ್ಲೇ ಮಲಗಿದ. ಸೂಜಿ ಬಂದಾಗಲೆಲ್ಲ ಶೀಶೆಯ ಮೇಲಿನ ಹೆಸರು ತಾನೇ ಓದುತ್ತಿದ್ದ. "ಆ ಸಿಸ್ಟರ್ ಇದನ್ನ ಮುಟ್ಟಿಲ್ಲಲ್ರಿ?" ಎಂದು ಕೇಳಿದ ಮೇಲೆಯೇ ಹೊಟ್ಟೆ ತೋರಿಸುತ್ತಿದ್ದ. ಎದುರಿನ ಸಾಲಿನಲ್ಲಿ ಸುಮಂಗಲಾ ಟೇಪು ಹಿಡಿದು ಬಗ್ಗಿದರೆ ಅವನ ಕಣ್ಣು ಆಕೆಯ ಬೆನ್ನ ಮೇಲೆ. ಸಣ್ಣ ಕೆಮ್ಮು ಬಂದರೂ ಎದೆ ಹಿಡಿದುಕೊಂಡು, "ಡಾಕ್ಟರನ್ನ ಕರೀರಿ," ಅನ್ನುತ್ತಿದ್ದ. ಹದಿನಾರು ದಿನ ಆ ಅಂಜಿಕೆಯನ್ನು ಸುಮಂಗಲಾ ದೂರದಿಂದಲೇ ಉಂಡಳು. ತಾನೇ ಬಡಿಸಿದ್ದಲ್ಲವೆ, ಹೊಟ್ಟೆ ತುಂಬ ಉಂಡಳು. ಹದಿನೇಳನೇ ದಿನ ಅವನು ಕೋಲು ಊರಿಕೊಂಡು, ಗುಳಿಗೆಯ ಚೀಟಿ ಹಿಡಿದುಕೊಂಡು ಮನೆಗೆ ಹೋದ.

ಏಪ್ರಿಲಿನಲ್ಲಿ ಮೇಲಿನ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಅನೀಲಕುಮಾರ ಬಂದಿರಲಿಲ್ಲ. ಬರಲಾಗದೆಂದು ಅವನ ವಕೀಲ ಅರ್ಜಿ ಕೊಟ್ಟು, ಜೊತೆಗೆ ಇಂಗ್ಲಿಷಿನಲ್ಲಿದ್ದ ಒಂದು ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದ್ದ. ಅದರ ಪ್ರತಿ ಸುಮಂಗಲಾಳ ವಕೀಲರ ಕೈಗೆ ಬಂತು. "ಇದೇನು ಬರದಾರ ಓದಿ ಹೇಳವಾ, ನಿಮ್ಮ ಡಾಕ್ಟರ ಸಹಿನೇ ಅದ," ಎಂದು ಅವರು ಕಾಗದ ಕೊಟ್ಟರು.

ಸುಮಂಗಲಾ ಓದಿದಳು. ತೊಡೆಯ ಎಲುಬು ಮುರಿದ ಕಾರಣದಿಂದ ರೋಗಿಯ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದೆ. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಅಪಾಯ. ದೂರದ ಪ್ರಯಾಣ ಮಾಡಬಾರದು. ನೂರೀನ ಯಾವ ರೋಗಿಗಾದರೂ ಬರೆದುಕೊಡುವ ಮೂರು ಸಾಲು. ಶೈಲಶ್ರೀ ಬಂದು ಕೇಳಿದ್ದಾಳೆ, ಅವರು ಇದ್ದದ್ದನ್ನು ಇದ್ದಂತೆ ಬರೆದಿದ್ದಾರೆ.

ಕೋರ್ಟಿನ ಪಡಸಾಲೆಯಲ್ಲಿ ನಿಂತು ಸುಮಂಗಲಾ ನಕ್ಕಳು. ಜನ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.

"ಏನಾತವಾ?" ಎಂದರು ವಕೀಲರು.

"ಆರು ವರ್ಷ ನಾವು ಹುಡುಕಿದ ಸಾಕ್ಷಿ ಇದು. ಅವನೇ ತಂದು ಕೊಟ್ಟಾನ."

ಮುಂದಿನ ತಾರೀಖುಗಳಲ್ಲಿ ಕೆಲಸ ನಡೆಯಿತು. ಬೀರಲಿಂಗಪ್ಪನ ಪೋಸ್ಟ್‌ಮಾರ್ಟಂ ರಿಪೋರ್ಟಿನ ಆ ಒಂದು ಸಾಲನ್ನು ಬಿಡಿಸಿ ಹೇಳಲು ಡಾಕ್ಟರ್ ನೂರೀನ ಸಾಕ್ಷಿಯಾಗಿ ಬರಲು ಒಪ್ಪಿದರು. "ನಿನ್ನ ಸಿಟ್ಟಿಗಲ್ಲ. ಅದು ಖರೇ ಅದ ಅಂತ ಬರ್ತೇನಿ," ಎಂದು ಸುಮಂಗಲಾಗೆ ಮೊದಲೇ ಹೇಳಿದ್ದರು. ಕಟಕಟೆಯಲ್ಲಿ ನಿಂತು, ದೊಡ್ಡ ಎಲುಬು ಮುರಿದು ಮಲಗಿದವರಲ್ಲಿ ಗಡ್ಡೆ ಹೇಗೆ ಕಟ್ಟುತ್ತದೆ, ಎಷ್ಟು ದಿನಕ್ಕೆ ಮೇಲೆ ಹೋಗಬಹುದು ಎಂದು ನಿಧಾನವಾಗಿ ಹೇಳಿದರು. ಅನೀಲಕುಮಾರ ಅವತ್ತು ಕೋಲು ಹಿಡಿದು ಬಂದಿದ್ದ. ಅವನ ವಕೀಲ ಎದ್ದು ಹಳೆಯ ಪ್ರಶ್ನೆಯನ್ನೇ ಕೇಳಿದ: "ಕಾಲು ಮುರಿದು ಎಂಟು ದಿನದ ಮೇಲೆ ಎದೆ ನಿಂತರೆ, ಅದಕ್ಕೂ ಇದಕ್ಕೂ ಏನು ಸಂಬಂಧ?"

ಸುಮಂಗಲಾಳ ವಕೀಲರು ಏಪ್ರಿಲಿನ ಅರ್ಜಿಯನ್ನೂ ಅದರ ಪ್ರಮಾಣಪತ್ರವನ್ನೂ ಎತ್ತಿ ಓದಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಕೆಳಗಿಟ್ಟು ಕೇಳಿದರು:

"ನಿಮ್ಮ ಕಕ್ಷಿದಾರರ ತೊಡೆ ಮುರಿದರೆ ಗಡ್ಡೆ ಕಟ್ಟುತ್ತದೆ, ಗೌಂಡಿಯ ತೊಡೆ ಮುರಿದರೆ ಕಟ್ಟುವುದಿಲ್ಲವೆ?"

ವಕೀಲ ಕಾಗದ ಹುಡುಕುವವನಂತೆ ಬಗ್ಗಿದ. ಅನೀಲಕುಮಾರ ತನ್ನ ಎಡಗಾಲು ನೋಡುತ್ತ ಕೂತಿದ್ದ.

ಎರಡು ಸಾವಿರದ ಇಪ್ಪತ್ಮೂರರ ಮಾರ್ಚಿನಲ್ಲಿ ತೀರ್ಪು ಬಂತು. ಬೀರಲಿಂಗಪ್ಪ ಸತ್ತದ್ದು ಜೀಪಿನ ಪೆಟ್ಟಿನಿಂದಾದ ಗಡ್ಡೆಯಿಂದಲೇ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಒಂದು ವರ್ಷ ಜೈಲು. ಸುಮಂಗಲಾ ಆ ಸಾಲುಗಳನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದಳು. ಅವ್ವ ಅಳಲಿಲ್ಲ. "ಬರದಾರಲ್ಲ? ಗಟ್ಟಿ ಬರದಾರಲ್ಲ?" ಎಂದಷ್ಟೇ ಕೇಳಿದಳು.

ಪೊಲೀಸರು ಕರೆದುಕೊಂಡು ಹೋಗುವಾಗ ಅನೀಲಕುಮಾರ ಮೆಟ್ಟಿಲ ಹತ್ತಿರ ನಿಂತ. ಶೈಲಶ್ರೀ ಸೆರಗು ಬಾಯಿಗೆ ಹಿಡಿದು ಹಿಂದೆ ನಿಂತಿದ್ದಳು.

"ನನ್ನ ಉಳಿಸಿದ್ದು ಇದಕ್ಕೇನು?" ಎಂದು ಕೇಳಿದ.

"ಹೌದ್ರಿ, ಇದಕ್ಕ," ಅಂದಳು ಸುಮಂಗಲಾ. "ಗುಳಗಿ ಬಿಡಬ್ಯಾಡ್ರಿ. ಡಾಕ್ಟರ್ ನಿಲ್ಲಸು ಅನ್ನೋತನಕ ತಗೋರಿ."

ಶೈಲಶ್ರೀಯ ಮುಖ ನೋಡಿದಾಗ ಮಾತ್ರ ಆಕೆಗೆ ಒಂದು ಗಳಿಗೆ ಏನೋ ಆಯಿತು. ಆಕೆಯ ಕೈಯಿಂದಲೇ ಗಂಡನ ಕಾಲು ತಿಕ್ಕಿಸಿ ಕೊಲ್ಲಿಸುತ್ತಿದ್ದೆನಲ್ಲ ಎಂಬ ನೆನಪು ಅದು. 'ಈ ಸಿಸ್ಟರ್ ಛಲೋ ಇದ್ದಾರ' ಅಂದಿದ್ದಳು. ಸುಮಂಗಲಾ ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಮೆಮೋ ಇನ್ನೂ ಫೈಲಿನಲ್ಲಿದೆ. ತೆಗೆಸಿರಿ ಎಂದು ಆಕೆ ಕೇಳಿಲ್ಲ, ನೂರೀನ ತಾವಾಗಿ ತೆಗೆದಿಲ್ಲ. ಸೂಜಿ ಬೇಡ ಅನ್ನುವವರ ಹೆಸರನ್ನು ಆಕೆ ಅದೇ ತಾಸಿನಲ್ಲಿ ಡಾಕ್ಟರಿಗೆ ತಿಳಿಸುತ್ತಾಳೆ, ಯಾರೇ ಇರಲಿ. "ಕ್ಷಮಾ ಮಾಡಿದಿಯೇನು ಅವಗ?" ಎಂದು ಜೊತೆಯ ಸಿಸ್ಟರುಗಳು ಒಮ್ಮೆ ಕೇಳಿದ್ದರು. "ಅದ್ಯಾಕ ಮಾಡಲಿ?" ಎಂದು ಕೇಳಿ ಆಕೆ ತನ್ನ ಊಟದ ಡಬ್ಬಿ ಬಿಚ್ಚಿದ್ದಳು.

ಹೋದ ದೀಪಾವಳಿಯ ಮುಂಚೆ, ಜೈಲಿನಿಂದ ಬಿಟ್ಟ ಮೇಲೆ, ಅನೀಲಕುಮಾರ ತೊಡೆಯ ರಾಡು ತೋರಿಸಲೆಂದು ಆಸ್ಪತ್ರೆಗೆ ಬಂದ. ಸೊರಗಿದ್ದ, ಸ್ವಲ್ಪ ಕುಂಟುತ್ತಿದ್ದ. ಅವತ್ತು ಚೀಟಿ ಬರೆಯುವವರು ರಜೆ ಇದ್ದುದರಿಂದ ಮೇಜಿನ ಹಿಂದೆ ಸುಮಂಗಲಾ ಕೂತಿದ್ದಳು. ಅವನು ಆಕೆಯನ್ನು ಕಂಡು ಬಾಗಿಲಲ್ಲೇ ನಿಂತ. ಹಿಂದೆ ಸಾಲು ಬೆಳೆಯುತ್ತಿತ್ತು. ಕಡೆಗೆ ಮುಂದೆ ಬಂದ.

"ಹೆಸರು?" ಎಂದು ಕೇಳಿದಳು, ಗೊತ್ತಿಲ್ಲದವಳಂತೆ.

ಅವನು ಹೇಳಿದ. ಆಕೆ ಬರೆದುಕೊಂಡಳು. ಇಪ್ಪತ್ತಾರನೇ ನಂಬರಿನ ಚೀಟಿ ಕೈಗಿಟ್ಟು ಗೋಡೆಯ ಬದಿಯ ಬೆಂಚು ತೋರಿಸಿದಳು.

"ಅಲ್ಲಿ ಕುಂಡ್ರಿ. ಕರೀತೇವಿ."

ಅವನು ಹೋಗಿ ಕೂತ. ಆಕೆ ಮುಂದಿನವರನ್ನು ಕರೆದಳು.